ಫ್ಲಾಸ್ಕಿನಲ್ಲಿ ಗಂಜಿ ತೆಳಿ, ಎದುರಿಗೆ ಕೆಂಪು ಕಣಿವೆ

2024ರ ಮೇ ತಿಂಗಳಲ್ಲಿ ನಾವು ಐದು ಜನ ಉಡುಪಿಯಿಂದ ಅಮೆರಿಕದ ಲಾಸ್ ವೇಗಸ್‌ನಲ್ಲಿರುವ ತಂಗಿ ಮನೆಗೆ ಹೋಗಿದ್ದೆವು. ಅಪ್ಪ, ಅಮ್ಮ, ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು. ಅಲ್ಲಿಂದ ಮರುಭೂಮಿಯ ಕಣಿವೆಗಳನ್ನು ನೋಡಿ ಬರುವ ಆರು ದಿನದ ಸುತ್ತು: ಝಯಾನ್, ಬ್ರೈಸ್, ಪೇಜ್ ಅನ್ನುವ ಊರು, ಗ್ರ್ಯಾಂಡ್ ಕ್ಯಾನ್ಯನ್. ಒಟ್ಟು ಸುಮಾರು 1,300 ಕಿಲೋಮೀಟರ್. ಭಾವನಿಗೆ ರಜೆ ಸಿಗಲಿಲ್ಲ, ತಂಗಿಗೆ ದೂರದ ಡ್ರೈವಿಂಗ್ ಅಂದರೆ ಭಯ. ಹಾಗಾಗಿ ಸ್ಟೇರಿಂಗ್ ನನ್ನ ಕೈಗೆ ಬಂತು.

ಹೀಗೇ ಆಗುತ್ತದೆ ಅಂತ ಗೊತ್ತಿದ್ದರಿಂದ ಮಣಿಪಾಲದ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡೇ ಹೊರಟಿದ್ದೆ. ಒಂದು ವರ್ಷ ನಡೆಯುತ್ತದೆ. ನಮ್ಮ ಲೈಸೆನ್ಸೂ ಜೊತೆಗಿರಬೇಕು, ಪರ್ಮಿಟ್ ಒಂದೇ ಸಾಲದು. ರಸ್ತೆಯ ಬಲಗಡೆ ಓಡಿಸುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಕೈಗೆ ಮಾತ್ರ ಅಭ್ಯಾಸ ಬಿಡಲಿಲ್ಲ. ಇಂಡಿಕೇಟರ್ ಹಾಕಲು ಹೋದರೆ ವೈಪರ್ ಓಡುತ್ತಿತ್ತು. ಮೊದಲ ಅರ್ಧ ಗಂಟೆಯಲ್ಲಿ ನಾಲ್ಕು ಸಲ. "ಮಳೆ ಎಲ್ಲಿ ಉಂಟು ಮಾರಾಯ?" ಅಂತ ಹಿಂದಿನ ಸೀಟಿನಿಂದ ಅಮ್ಮ.

ಝಯಾನ್‌ಗೆ ವೇಗಸ್‌ನಿಂದ ಎರಡೂವರೆ ಗಂಟೆ. ಅಲ್ಲಿ ಸೀಸನ್ನಿನಲ್ಲಿ ಕಣಿವೆಯ ಒಳಗೆ ಸ್ವಂತ ಗಾಡಿ ಬಿಡುವುದಿಲ್ಲ, ಪಾರ್ಕಿನ ಬಸ್ಸೇ ಗತಿ. ಸುಮ್ನೆ ತಲೆಬಿಸಿ ಅಂದುಕೊಂಡಿದ್ದೆ, ಆದರೆ ಅಮ್ಮನ ಮಂಡಿನೋವಿಗೆ ಅದೇ ಒಳ್ಳೆಯದಾಯಿತು. ಬೇಕಾದಲ್ಲಿ ಇಳಿ, ಸಾಕಾದರೆ ಹತ್ತು. ಕೊನೆಯ ಸ್ಟಾಪಿನಿಂದ ಹೊಳೆಯ ಬದಿಯಲ್ಲೇ ಹೋಗುವ ಗಟ್ಟಿ ದಾರಿ ಇದೆ, ವಯಸ್ಸಾದವರೂ ಆರಾಮವಾಗಿ ನಡೆಯಬಹುದು.

ಅಪ್ಪ ಮನೆ ಕಟ್ಟಿಸಿದವರು, ಕಲ್ಲು ಕಂಡರೆ ಮುಟ್ಟದೆ ಬಿಡುವುದಿಲ್ಲ. ಬಂಡೆಯ ಮೇಲೆ ಹೆಬ್ಬೆರಳು ಉಜ್ಜಿ ನೋಡಿದರು. ಬೆರಳಿಗೆ ಕೆಂಪು ಹೊಯಿಗೆ ಅಂಟಿತು. "ನಮ್ಮ ಮುರಕಲ್ಲಿನ ಬಣ್ಣವೇ. ಆದರೆ ನಮ್ಮದು ತೂತು ತೂತು, ಇದು ಪದರ ಪದರ" ಅಂದರು. ಸರಿಯಾಗಿಯೇ ಹೇಳಿದ್ದರು. ಎರಡಕ್ಕೂ ಕೆಂಪು ಬಂದದ್ದು ಕಬ್ಬಿಣದ ಅಂಶದಿಂದ. ಆದರೆ ಝಯಾನಿನ ಆ ಎತ್ತರದ ಗೋಡೆಗಳು ಒಂದು ಕಾಲದ ಮರಳ ದಿಬ್ಬಗಳು. ಗಾಳಿ ತಂದು ಸುರಿದ ಮರಳು ಗಟ್ಟಿಯಾಗಿ ಕಲ್ಲಾದದ್ದು. ಓರೆ ಓರೆ ಗೆರೆಗಳು ಈಗಲೂ ಕಾಣುತ್ತವೆ.

ಆ ರಾತ್ರಿ ಅಮ್ಮ ಬೈರಾಸು (ಮೈ ಒರೆಸುವ ಬಟ್ಟೆ) ಒಗೆದು ಹೋಟೆಲಿನ ಕುರ್ಚಿಗೆ ಹಾಕಿದರು. ಊಟ ಮುಗಿಸಿ ಬರುವಷ್ಟರಲ್ಲಿ ಹಪ್ಪಳದ ಹಾಗೆ ಒಣಗಿತ್ತು. ಎಲ್ಲರೂ ನಕ್ಕೆವು. ಆ ಬೈರಾಸು ಹೇಳಿದ್ದು ನನಗೆ ಅರ್ಥವಾಗಿದ್ದು ಮರುದಿನ.

ಝಯಾನಿನಿಂದ ಬ್ರೈಸ್‌ಗೆ ಹೋಗುವಾಗ 1930ರಲ್ಲಿ ತೆರೆದ ಸುರಂಗವೊಂದು ಸಿಗುತ್ತದೆ, 1.8 ಕಿಲೋಮೀಟರ್ ಉದ್ದ. ಅಲ್ಲಲ್ಲಿ ಬಂಡೆ ಕೊರೆದು ಕಿಟಕಿ ಬಿಟ್ಟಿದ್ದಾರೆ. ಸುರಂಗಕ್ಕೆ ಮೊದಲು ಅಂಕುಡೊಂಕು ಏರು. ಆಗುಂಬೆ ಘಾಟಿ ಹತ್ತಿಸಿದವನಿಗೆ ಅದೇನೂ ದೊಡ್ಡದಲ್ಲ ಬಿಡಿ. ಆದರೆ ಬ್ರೈಸ್ ಇರುವುದು 2,400 ಮೀಟರಿಗಿಂತ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಲೆಕ್ಕ ಹಾಕಿ. ಸಮುದ್ರದ ಬದಿಯಲ್ಲಿ ಬದುಕಿದ ನಾವು ಕಾರಿನಿಂದ ಇಳಿದು ನೂರು ಹೆಜ್ಜೆ ಹಾಕುವಷ್ಟರಲ್ಲಿ ಅಪ್ಪ ಬೇಲಿ ಹಿಡಿದು ನಿಂತರು. "ತಲೆ ತಿರುಗ್ತದೆ" ಅಂದರು. ಮುಖ ಬಿಳಿಚಿತ್ತು.

ಬೆಂಚಿನಲ್ಲಿ ಕೂರಿಸಿ ಕೇಳಿದರೆ, ಬೆಳಿಗ್ಗೆಯಿಂದ ಕುಡಿದದ್ದು ಒಂದು ಲೋಟ ಕಾಫಿ ಮಾತ್ರ. ನೀರು ಕುಡಿದರೆ ಗಾಡಿ ನಿಲ್ಲಿಸು ಅಂತ ಹೇಳಬೇಕಾಗುತ್ತದೆ, ಮಗನಿಗೆ ತೊಂದರೆ ಯಾಕೆ ಅಂತ. ಹಿರಿಯರು ಬಾಯಿ ಬಿಟ್ಟು ಹೇಳುವುದಿಲ್ಲ, ಅಲ್ವಾ? ನಮ್ಮೂರಲ್ಲಾದರೆ ಬೆವರಿಗೆ ಅಂಗಿ ಬೆನ್ನಿಗೆ ಅಂಟಿದಾಗ ನೀರು ನೆನಪಾಗುತ್ತದೆ. ಅಲ್ಲಿ ಬೆವರು ಬಂದಲ್ಲೇ ಆರಿಹೋಗುತ್ತದೆ. ಬೆವರಿದ್ದೇ ಗೊತ್ತಾಗುವುದಿಲ್ಲ. ಬೈರಾಸು ಒಣಗಿದ ಹಾಗೆ ಮನುಷ್ಯನೂ ಒಣಗುತ್ತಾನೆ.

ಅವತ್ತು ಸಂಜೆ ನನ್ನ ಪ್ಲಾನ್ ಪೂರ್ತಿ ಬದಲಾಯಿಸಿದೆ. ಮ್ಯಾಪ್‌ನಲ್ಲಿ ಮೊದಲು ಟಾಯ್ಲೆಟ್ ಇರುವ ಜಾಗ ಗುರುತು ಹಾಕಿದೆ, ಆಮೇಲೆ ನೋಡುವ ಜಾಗ. ಒಂದು ಗಂಟೆಗೊಮ್ಮೆ ಯಾರೂ ಕೇಳದಿದ್ದರೂ ಗಾಡಿ ನಿಲ್ಲಿಸುವುದು. ದಾರಿಯಲ್ಲಿ ನೆಟ್‌ವರ್ಕ್ ಸಿಗದ ಜಾಗ ಜಾಸ್ತಿ, ಹಾಗಾಗಿ ಮ್ಯಾಪ್ ಫೋನಿಗೆ ಇಳಿಸಿಕೊಂಡೆ. ಪೆಟ್ರೋಲ್ ಅರ್ಧಕ್ಕೆ ಬಂದರೆ ತುಂಬಿಸುವುದು. ಅಪ್ಪ ಆಗಲೂ ನೀರಿಗೆ ಮುಖ ಸಿಂಡರಿಸಿದರು. ಅದಕ್ಕೆ ಉಪಾಯ ಹುಡುಕಿದ್ದು ಅಮ್ಮ. ತಂಗಿ ರೈಸ್ ಕುಕ್ಕರ್ ಮತ್ತು ಕುಚ್ಚಲಕ್ಕಿ ಕೊಟ್ಟಿದ್ದಳು. ರಾತ್ರಿ ಗಂಜಿ ಇಟ್ಟು, ಬೆಳಿಗ್ಗೆ ತೆಳಿ ಬಸಿದು, ಉಪ್ಪು ಹಾಕಿ ಫ್ಲಾಸ್ಕಿಗೆ ತುಂಬಿದರು. ಜೊತೆಗೆ ಡಬ್ಬಿಯಲ್ಲಿ ಮಿಡಿ ಉಪ್ಪಿನಕಾಯಿ. ಅಪ್ಪ ಎರಡು ಲೋಟ ಕೇಳಿ ಕುಡಿದರು. ಒಡೆದ ತುಟಿಗೆ, ಮೂಗಿನ ಒಳಗೆ ತೆಂಗಿನೆಣ್ಣೆ. ಮುಂದಿನ ನಾಲ್ಕು ದಿನ ಯಾರಿಗೂ ತಲೆ ತಿರುಗಲಿಲ್ಲ.

ಬ್ರೈಸ್ ಅನ್ನು ಮರುದಿನ ಬೆಳಿಗ್ಗೆ ಸರಿಯಾಗಿ ನೋಡಿದೆವು. ಸಾವಿರಾರು ಕಲ್ಲಿನ ಕಂಬಗಳು, ಜಾತ್ರೆಗೆ ಸೇರಿದ ಜನರ ಹಾಗೆ. ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗುತ್ತದೆ, ಹಾಗೇ ಕಲ್ಲು ಒಡೆಯುತ್ತಾ ಬಂದಿದೆ. ಅಲ್ಲಿನ ಮೂಲನಿವಾಸಿಗಳಾದ ಪಯೂಟ್ ಜನರ ಕಥೆಯಲ್ಲಿ ಅವೆಲ್ಲ ಶಾಪಕ್ಕೆ ಕಲ್ಲಾದವರು. ಅದನ್ನು ಹೇಳಿದಾಗ ಅಮ್ಮ, "ನಮ್ಮಲ್ಲಿ ಅಹಲ್ಯೆ ಒಬ್ಬಳು, ಇಲ್ಲಿ ಊರಿಗೆ ಊರೇ" ಅಂದರು.

ಪೇಜ್‌ನಲ್ಲಿ ಗಡಿಯಾರ ನನ್ನನ್ನು ಮಂಗ ಮಾಡಿತು. ಬ್ರೈಸ್ ಇರುವ ಯುಟಾ ರಾಜ್ಯದವರು ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಡುತ್ತಾರೆ, ಪೇಜ್ ಇರುವ ಅರಿಜೋನಾದವರು ಇಡುವುದಿಲ್ಲ. ಅರಿಜೋನಾದ ಒಳಗೇ ಇರುವ ನವಾಹೊ ಜನರ ಸೀಮೆಯಲ್ಲಿ ಮತ್ತೆ ಇಡುತ್ತಾರೆ! ಫೋನು ಯಾವ ಟವರ್ ಸಿಕ್ಕಿತೋ ಆ ಸಮಯ ತೋರಿಸುತ್ತದೆ. ಅಲ್ಲಿನ ಇಕ್ಕಟ್ಟಾದ ಕಲ್ಲಿನ ಕಣಿವೆ ಆಂಟಿಲೋಪ್ ಕ್ಯಾನ್ಯನ್‌ಗೆ ಗೈಡ್ ಇಲ್ಲದೆ ಬಿಡುವುದಿಲ್ಲವಾದ್ದರಿಂದ ಮೊದಲೇ ಬುಕ್ ಮಾಡಿದ್ದೆ. ಓಡೋಡಿ ಬಂದರೆ ಒಂದು ಗಂಟೆ ಮುಂಚೆ ತಲುಪಿದ್ದೆವು. ತಡವಾಗಿದ್ದರೆ ಟಿಕೆಟ್ ಹೋಗುತ್ತಿತ್ತು. ಬುಕ್ ಮಾಡುವಾಗಲೇ ಯಾವ ಸಮಯ ಅಂತ ಕೇಳಿಕೊಳ್ಳಿ. ಮೇಲಿನದು, ಕೆಳಗಿನದು ಅಂತ ಎರಡು ಭಾಗ ಇವೆ. ಕೆಳಗಿನದರಲ್ಲಿ ಕಡಿದಾದ ಕಬ್ಬಿಣದ ಏಣಿಗಳಿರುವುದರಿಂದ ನಾವು ಮೇಲಿನದು ಆರಿಸಿದೆವು. ಕೆಳಗಿನ ಭಾಗದಲ್ಲೇ 1997ರ ಆಗಸ್ಟ್‌ನಲ್ಲಿ ದಿಢೀರ್ ನೆರೆ ಬಂದು 11 ಪ್ರವಾಸಿಗರು ತೀರಿಕೊಂಡರು. ಮಳೆ ಬಿದ್ದದ್ದು ದೂರದಲ್ಲೆಲ್ಲೋ. ಘಟ್ಟದಲ್ಲಿ ಮಳೆ ಹೊಡೆದರೆ ಇಲ್ಲಿ ನಮ್ಮ ಸ್ವರ್ಣಾ ನದಿ ಕೆಂಪಾಗಿ ಏರುವುದಿಲ್ಲವೇ, ಹಾಗೆ.

ಪಾರ್ಕಿನ ಪ್ರವೇಶದ ಪಾಸ್ ವಿಷಯ: ಝಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಮೂರಕ್ಕೂ ಒಂದೇ ವಾರ್ಷಿಕ ಪಾಸ್ ನಡೆಯಿತು. ನಾವು ಕೊಟ್ಟದ್ದು 80 ಡಾಲರ್. ಈಗ ಹೊರದೇಶದವರಿಗೆ ದರ ಜಾಸ್ತಿ ಮಾಡಿದ್ದಾರೆ, ನೋಡಿಕೊಂಡು ಹೋಗಿ. ಪೇಜ್‌ನಲ್ಲಿ ಅದು ಉಪಯೋಗಕ್ಕೆ ಬರಲಿಲ್ಲ.

ಗ್ರ್ಯಾಂಡ್ ಕ್ಯಾನ್ಯನ್‌ಗೆ ಪೂರ್ವದ ಗೇಟಿನಿಂದ ಹೋದೆವು, 1932ರಲ್ಲಿ ಕಟ್ಟಿದ ಕಲ್ಲಿನ ಗೋಪುರ ಇರುವ ಕಡೆ. ಕ್ಯೂ ಚಿಕ್ಕದಿತ್ತು. ಕಣಿವೆಯ ಆಳ 1,600 ಮೀಟರ್ ಅಂತ ಬೋರ್ಡು ಓದಿ ಮಗಳು ಅದನ್ನು ಅಜ್ಜನಿಗೆ ಹೇಳಿದಳು. "ಕೊಡಚಾದ್ರಿ 1,343 ಅಲ್ವಾ? ಹಾಗಾದರೆ ಅದನ್ನು ಇದರೊಳಗೆ ಇಳಿಸಿದರೆ ತುದಿಯೂ ಕಾಣುವುದಿಲ್ಲ" ಅಂದರು ಅಪ್ಪ. ಫ್ಲಾಸ್ಕಿನ ಮುಚ್ಚಳದಲ್ಲಿ ತೆಳಿ ಕುಡಿಯುತ್ತಾ ಅರ್ಧ ಗಂಟೆ ಅಲ್ಲೇ ಕುಳಿತರು. ಕೆಳಗೆ ಇಳಿಯುವ ಆಸೆ ನನಗಿತ್ತು, ಬಿಟ್ಟುಬಿಟ್ಟೆ.

ಜೂನ್‌ನಲ್ಲಿ ಊರಿಗೆ ಬಂದಾಗ ಮಳೆ ಹಿಡಿದಿತ್ತು. ಪೆಟ್ಟಿಗೆಯಲ್ಲಿದ್ದ ಬಟ್ಟೆ ಒಗೆದು ಚಾವಡಿಯಲ್ಲಿ ಹರವಿದರೆ ಮೂರು ದಿನವಾದರೂ ಒಣಗಲಿಲ್ಲ. ಅಮ್ಮ ಬೈರಾಸು ಮೂಸಿ ನೋಡಿ, "ಆ ಬ್ರೈಸ್‌ನಲ್ಲೇ ಒಂದು ಹಗ್ಗ ಕಟ್ಟಿ ಬರಬೇಕಿತ್ತು" ಅಂದರು.