ಮಂಡಿನೋವಿನ ಅವ್ವನೊಂದಿಗೆ ಬಸ್ಸಿನಲ್ಲಿ ಮಾದಪ್ಪನ ಬೆಟ್ಟಕ್ಕೆ: ನಾಲ್ಕನೆಯ ಸಲ ಕೈಗೂಡಿದ ಲೆಕ್ಕ

ಇಬ್ಬರಿಗೆ, ಎರಡು ದಿನಕ್ಕೆ, ಮೈಸೂರಿನ ಮನೆ ಬಿಟ್ಟು ಮತ್ತೆ ಮನೆ ಸೇರುವವರೆಗೆ ಕೈಯಿಂದ ಹೋದ ಹಣ ಸಾವಿರದ ಮುನ್ನೂರೈವತ್ತು ರೂಪಾಯಿಯ ಸುಮಾರು. ಚೀಟಿಯಲ್ಲಿ ಬರೆದಿಟ್ಟಿರಲಿಲ್ಲವಾದ್ದರಿಂದ ಹತ್ತು ಇಪ್ಪತ್ತು ಆಚೀಚೆ ಇರಬಹುದು. ಇಷ್ಟರಲ್ಲಿ ಎಪ್ಪತ್ತೊಂದು ವರ್ಷದ, ಎರಡೂ ಮಂಡಿ ಸವೆದ ನನ್ನ ಅವ್ವ ಮಲೆ ಮಹದೇಶ್ವರನ ಗರ್ಭಗುಡಿಯ ಮುಂದೆ ನಿಂತು, ಹನ್ನೊಂದು ವರ್ಷದಿಂದ ಕಟ್ಟಿಟ್ಟಿದ್ದ ಮುಡಿಪನ್ನು ತನ್ನ ಕೈಯಾರೆ ಹುಂಡಿಗೆ ಹಾಕಿ, ವಾಂತಿಯಿಲ್ಲದೆ, ಕಾಲು ಊದದೆ ಹಿಂತಿರುಗಿದಳು. ಇದು ಆಗದ ಕೆಲಸವೆಂದು ಹೇಳಿದವರು ನಮ್ಮ ಮನೆತನದಲ್ಲಿ ಕಡಿಮೆಯೆಂದರೂ ಆರು ಮಂದಿ ಇದ್ದಾರೆ. ನನ್ನ ಸೋದರಮಾವನಂತೂ ಅಂಗಳದಲ್ಲಿ ನಿಂತೇ ಅಂದಿದ್ದರು: "ನಿಮ್ಮವ್ವನ್ನ ಸರ್ಕಾರಿ ಬಸ್ನಲ್ಲಿ ಆ ತಿರುವೆಲ್ಲ ಹತ್ತುಸ್ತೀಯೇನೋ? ಕಾರ್ ಮಾಡು, ಇಲ್ಲ ಸುಮ್ನಿರು."

ಕಾರು ಮಾಡಿದ್ದೂ ಉಂಟು. ಅದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಬಸ್ಸನ್ನು ನಾನು ಹಿಡಿದದ್ದು ಬರೀ ಜುಗ್ಗತನದಿಂದ ಎಂದು ತಿಳಿದವರಿದ್ದಾರೆ. 2024ರಲ್ಲಿ ನೆಂಟರೊಬ್ಬರ ಜೊತೆ ಪಾಲು ಹಾಕಿ ಬಾಡಿಗೆ ಕಾರಿನಲ್ಲಿ ಹೋದೆವು. ಬಾಡಿಗೆ, ಚಾಲಕರ ಬಾಟಾ ಎಲ್ಲ ಸೇರಿ ಐದೂವರೆ ಸಾವಿರ ದಾಟಿತು. ನನ್ನ ಪಾಲಿನ ಮೂರು ಸಾವಿರವನ್ನು ನಾನು ಪಕ್ಕದ ಮನೆಯವರಿಂದ ಕೈಗಡ ತಂದಿದ್ದೆ. ಬೆಟ್ಟದ ಬುಡದ ತಾಳುಬೆಟ್ಟ ದಾಟಿದ ಮೇಲಿನ ತಿರುವುಗಳಲ್ಲಿ, ಗಾಜು ಮುಚ್ಚಿದ ಆ ಸಣ್ಣ ಗಾಡಿಯಲ್ಲಿ ಅವ್ವ ಮೂರು ಸಲ ವಾಂತಿ ಮಾಡಿಕೊಂಡಳು. ಅದಕ್ಕಿಂತ ಮಿಗಿಲಾದ ತೊಂದರೆ ಬೆಟ್ಟ ತಲುಪಿದ ಮೇಲೆ ಎದುರಾಯಿತು. ಹಣ ಎಲ್ಲಿಂದ ಬಂತೆಂದು ನೆಂಟರ ಮಾತಿನಲ್ಲಿ ಅವಳಿಗೆ ಹೇಗೋ ತಿಳಿದುಹೋಗಿತ್ತು. "ಸಾಲದ ಕಾಸಲ್ಲಿ ಮಾದಪ್ಪನ ಮೊಕ ನೋಡ್ಬಾರ್ದು ಕಣ್ಮಗ" ಎಂದವಳು ಸೀರೆಯ ಮಡಿಲಲ್ಲಿದ್ದ ಮುಡಿಪಿನ ಗಂಟನ್ನು ಬಿಚ್ಚಲೇ ಇಲ್ಲ. ನನ್ನ ಮಗ ಕೂಸಾಗಿದ್ದಾಗ ಜ್ವರ ಬಿಡದೆ ಮಲಗಿದ್ದ ವರ್ಷ, ಅರಿಸಿನದ ನೀರಿನಲ್ಲಿ ಅದ್ದಿದ ಬಟ್ಟೆಯಲ್ಲಿ ಹನ್ನೊಂದು ರೂಪಾಯಿ ಕಟ್ಟಿ ದೇವರ ಗೂಡಿನಲ್ಲಿಟ್ಟಿದ್ದ ಗಂಟು ಅದು. ಆಮೇಲೆ ಆಗಾಗ ಒಂದೊಂದು ನಾಣ್ಯ ಅದಕ್ಕೆ ಸೇರುತ್ತ ಬಂದಿತ್ತು. ಅಂದು ಹೋದ ಹಾಗೆಯೇ ಅದು ಮನೆಗೆ ಮರಳಿತು. ಆ ರಾತ್ರಿಯೇ ನಾನು ತೀರ್ಮಾನಿಸಿದೆ: ಸಾಲವಿಲ್ಲದ ಹಣದಲ್ಲಿ, ನನ್ನ ಒಂದು ತಿಂಗಳ ಉಳಿತಾಯದೊಳಗೆ ಮುಗಿಯುವಂತೆ ಈ ಯಾತ್ರೆಯನ್ನು ಕಟ್ಟಬೇಕು, ಅದು ಬಸ್ಸಿನಲ್ಲೇ ಆಗಬೇಕು.

ಬಸ್ಸಿನಲ್ಲಿ ಅದಕ್ಕೂ ಮೊದಲು ಎರಡು ಸಲ ಸೋತಿದ್ದೆ. 2022ರ ಮಹಾಲಯ ಅಮಾವಾಸ್ಯೆಗೆ ಹೋದದ್ದು ಮೊದಲ ತಪ್ಪು. ಅಮಾವಾಸ್ಯೆಯ ಪರಸೆ, ಅಂದರೆ ಬೆಟ್ಟದ ಜಾತ್ರೆಯ ಜನಜಂಗುಳಿ, ಎಂಥದೆಂದು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಮೈಸೂರಿನಿಂದ ನೇರ ಬಸ್ಸು ಹತ್ತಿ, ಹನೂರಿನವರೆಗೆ ಕಂಬಿ ಹಿಡಿದು ನಿಂತು, ಮೇಲೆ ಹೋಗಿ ಸಾಲಿನಲ್ಲಿ ನಾಲ್ಕು ಗಂಟೆ ಕಳೆದ ಮೇಲೆ ಅವ್ವ ನೆಲಕ್ಕೆ ಕುಳಿತಳು. ಕುಳಿತವಳನ್ನು ಎಬ್ಬಿಸಲು ನನ್ನೊಬ್ಬನಿಂದ ಆಗಲಿಲ್ಲ. ಗೋಪುರಕ್ಕೆ ಕೈಮುಗಿಸಿ ಕರೆದುಕೊಂಡು ಬಂದೆ. ಎರಡನೆಯದು 2023ರ ಜುಲೈ. ಅದೇ ಜೂನ್ 11ರಿಂದ ಶಕ್ತಿ ಯೋಜನೆ ಆರಂಭವಾಗಿದ್ದರಿಂದ ಅವ್ವನ ಟಿಕೆಟ್ ಉಳಿಯಿತೆಂದು ಹಿಗ್ಗಿ, ಭಾನುವಾರವೇ ಹೊರಟುಬಿಟ್ಟೆ. ನನ್ನಂತೆಯೇ ಲೆಕ್ಕ ಹಾಕಿದವರು ನಿಲ್ದಾಣದ ತುಂಬ ಇದ್ದರು. ಮೇಲಾಗಿ ನಾನು ಆಧಾರ್ ಕಾರ್ಡಿನ ಜೆರಾಕ್ಸ್ ತಂದಿದ್ದೆ, ಮೂಲ ಕಾರ್ಡು ಮನೆಯ ಬೀರುವಿನಲ್ಲಿತ್ತು. ಹೀಗಾಗಿ ಉಚಿತವಾಗಿ ಹೋಗಬಹುದಾಗಿದ್ದವಳಿಗೆ ನಾನೇ ಪೂರ್ತಿ ಹಣ ಕೊಟ್ಟು ಟಿಕೆಟ್ ತೆಗೆದುಕೊಂಡೆ. ಒಂದೇ ದಿನದಲ್ಲಿ ಹೋಗಿ ಬರುವ ಹಟದಿಂದ ಸಾಲಿನ ಅರ್ಧಕ್ಕೇ ಹಿಂತಿರುಗಿದೆ. ಅಷ್ಟಾದರೂ ಕೊಳ್ಳೇಗಾಲ ಮುಟ್ಟುವಾಗ ಹೊತ್ತು ಮೀರಿ, ಅಲ್ಲಿಯ ಒಂದು ಲಾಡ್ಜಿನಲ್ಲಿ ಸಾವಿರದ ಇನ್ನೂರು ತೆತ್ತು ಸೊಳ್ಳೆಯ ಕಾಟದಲ್ಲಿ ರಾತ್ರಿ ಕಳೆದೆವು. ಆ ಯಾತ್ರೆಯ ವೆಚ್ಚ ಎರಡು ಸಾವಿರದ ಮುನ್ನೂರನ್ನು ಮುಟ್ಟಿತು, ದರ್ಶನ ಮಾತ್ರ ಆಗಲಿಲ್ಲ.

ಈ ಸೋಲುಗಳನ್ನು ಎದುರಿಗಿಟ್ಟುಕೊಂಡು ನೋಡಿದಾಗ ನನಗೆ ಹೊಳೆದದ್ದು ಇಷ್ಟು: ನನ್ನ ಅವ್ವನಿಗೆ ದೂರದ ತೊಂದರೆ ಇರಲಿಲ್ಲ, ಎತ್ತರದ ತೊಂದರೆ ಇತ್ತು. ಬಸ್ಸಿನ ಮೊದಲ ಮೆಟ್ಟಿಲು ಅವಳ ಮಂಡಿಗೆ ಎಟುಕುತ್ತಿರಲಿಲ್ಲ. ನಾನು ಹಿಂದಿನಿಂದ ತಳ್ಳುತ್ತಿದ್ದೆ, ನಿರ್ವಾಹಕರು ಮೇಲಿನಿಂದ ಎಳೆಯುತ್ತಿದ್ದರು, ಹತ್ತುವಷ್ಟರಲ್ಲೇ ಅರ್ಧ ದಿನದ ಶಕ್ತಿ ಖರ್ಚಾಗುತ್ತಿತ್ತು. ಸಾಲಿನಲ್ಲಿ ನಿಂತರೆ ಕಾಲು ಊದುತ್ತಿತ್ತು, ನೆಲಕ್ಕೆ ಕುಳಿತರೆ ಏಳಲಾಗುತ್ತಿರಲಿಲ್ಲ. ಮೆಟ್ಟಿಲೂ ಆಗಬೇಕು, ಆಸನವೂ ಆಗಬೇಕು, ಕೈಯಲ್ಲಿ ಹಿಡಿಯಲು ಹಗುರವಾಗಿಯೂ ಇರಬೇಕು ಎಂದು ಹುಡುಕುತ್ತ ಹೊರಟೆ. ಮೊದಲು ಮಡಚುವ ಬಟ್ಟೆಯ ಸ್ಟೂಲು ತಂದೆ. ಮುನ್ನೂರೈವತ್ತು ಕೊಟ್ಟದ್ದು ಮನೆಯ ಜಗಲಿಯ ಮೇಲೆ ಮೂರನೆಯ ದಿನವೇ ಮುರಿಯಿತು, ಬೆಟ್ಟದಲ್ಲಿ ಮುರಿಯಲಿಲ್ಲವಲ್ಲ ಎಂದು ಸಮಾಧಾನಪಟ್ಟೆ. ಆಮೇಲೆ ಅಡುಗೆಮನೆಯ ಹಲಸಿನ ಮಣೆ. ಅದು ಗಟ್ಟಿ, ಆದರೆ ನಾಲ್ಕು ಬೆರಳಿನಷ್ಟೂ ಎತ್ತರವಿಲ್ಲ, ಭಾರವೂ ಹೆಚ್ಚು. ಕಡೆಗೆ ಒಪ್ಪಿದ್ದು ಬಚ್ಚಲುಮನೆಯಲ್ಲಿ ಬಳಸುವ ಪ್ಲಾಸ್ಟಿಕ್ ಸ್ಟೂಲು: ಒಂದು ಗೇಣಿಗಿಂತ ತುಸು ಎತ್ತರ, ನಾಲ್ಕು ಕಾಲು, ನಡುವೆ ಬೆರಳು ತೂರುವ ತೂತು, ಬೆಲೆ ನೂರ ಅರವತ್ತು. ಕಾಲುಗಳ ಅಡಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಕಟ್ಟಿದ್ದರಿಂದ ಜಾರುವ ಭಯವೂ ಹೋಯಿತು. ಹದಿನೈದು ದಿನ ನಗರ ಸಾರಿಗೆ ಬಸ್ಸಿನಲ್ಲಿ ಮಾರುಕಟ್ಟೆಗೆ ಹೋಗಿ ಬಂದು ಇದನ್ನು ಪರೀಕ್ಷಿಸಿದೆವು. ಎಡಗಾಲು ಸ್ಟೂಲಿನ ಮೇಲೆ, ಬಲಗೈ ಬಾಗಿಲ ಕಂಬಿಗೆ, ಬಲಗಾಲು ಮೆಟ್ಟಿಲಿಗೆ. ಮೂರು ಉಸಿರಿನಲ್ಲಿ ಅವ್ವ ಒಳಗೆ. ಮೊದಮೊದಲು ಜನ ನೋಡುತ್ತಾರೆಂದು ಅವಳು ಸೆರಗು ಎಳೆದುಕೊಳ್ಳುತ್ತಿದ್ದಳು. ಐದಾರು ಸಲವಾದ ಮೇಲೆ ಬಸ್ಸು ನಿಲ್ಲುವ ಮುನ್ನವೇ "ಮಣೆ ಇಕ್ಕು" ಎನ್ನತೊಡಗಿದಳು. ಈ ಉಪಾಯ ನನಗಿಂತ ಮೊದಲು ಯಾರಾದರೂ ಮಾಡಿದ್ದರೆ ನಾನು ಕಂಡಿಲ್ಲ.

ಅದೇ ಹದಿನೈದು ದಿನಗಳಲ್ಲಿ ವಾಂತಿಯ ಮೇಲೂ ಪ್ರಯೋಗ ನಡೆಸಿದೆ. ನಿಂಬೆಹಣ್ಣು ಮೂಸುವುದು, ಹುಣಸೆಹಣ್ಣು ಚೀಪುವುದು, ಹೊಟ್ಟೆಗೆ ಪೇಪರ್ ಕಟ್ಟುವುದು, ಎಲ್ಲವನ್ನೂ ನೋಡಿದೆ. ಪೇಪರಿನಿಂದ ಬೆವರು ಬಂದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಫಲ ಕೊಟ್ಟದ್ದು ಬೆಳಗಿನ ಹಾಲು ಕಾಫಿಯನ್ನು ನಿಲ್ಲಿಸಿದ್ದು. ಖಾಲಿ ಹೊಟ್ಟೆಯೂ ಬೇಡ, ಒದ್ದೆ ತಿಂಡಿಯೂ ಬೇಡ. ಒಣ ರಾಗಿ ರೊಟ್ಟಿ ಅರ್ಧ, ಅದರ ಜೊತೆ ಬಾಯಲ್ಲಿ ಒಂದು ಚೂರು ಶುಂಠಿ. ಶುಂಠಿಯ ಜೊತೆ ಇನ್ನೊಂದು ಪುಡಿಯನ್ನೂ ಬೆರೆಸುತ್ತೇನೆ. ಅದು ನನ್ನ ಅಜ್ಜಿಯ ಕಾಲದ್ದು, ಮನೆಯ ಹೊರಗೆ ಹೇಳುವ ರೂಢಿಯಿಲ್ಲ. ಬುತ್ತಿಗೂ ರಾಗಿ ರೊಟ್ಟಿಯೇ ಗೆದ್ದಿತು. ಚಿತ್ರಾನ್ನ ಮಧ್ಯಾಹ್ನಕ್ಕೇ ವಾಸನೆ ಬಂತು, ಅಕ್ಕಿ ರೊಟ್ಟಿ ಹಪ್ಪಳವಾಯಿತು. ತೆಳ್ಳಗೆ ತಟ್ಟಿ ಆರಿಸಿದ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿಯೊಂದಿಗೆ ಎರಡನೆಯ ದಿನದ ಬೆಳಿಗ್ಗೆಯೂ ತಿನ್ನುವಂತಿತ್ತು.

2025ರ ಫೆಬ್ರವರಿ ಎರಡನೆಯ ವಾರದ ಮಂಗಳವಾರ ಹೊರಟೆವು. ಹಿಂದಿನ ಅಮಾವಾಸ್ಯೆ ಮುಗಿದು ಹದಿಮೂರು ದಿನವಾಗಿತ್ತು, 26ರ ಶಿವರಾತ್ರಿಗೆ ಇನ್ನೂ ಹದಿನೈದು ದಿನವಿತ್ತು. ಸೋಮವಾರದ ಜನ ಇಳಿದು ಹೋಗಿದ್ದರು. ನೇರ ಬಸ್ಸನ್ನು ಈ ಸಲ ಬೇಕೆಂದೇ ಬಿಟ್ಟೆ. ನೇರ ಬಸ್ಸು ಮೈಸೂರಿನಲ್ಲೇ ತುಂಬುತ್ತದೆ, ನಡುವೆ ಇಳಿದು ಕಾಲು ಚಾಚಲು ಬಿಡುವುದಿಲ್ಲ. ಟಿ. ನರಸೀಪುರದ ಮೇಲೆ ಕೊಳ್ಳೇಗಾಲದವರೆಗೆ ಒಂದು ಬಸ್ಸು, ಅಲ್ಲಿ ಮುಕ್ಕಾಲು ಗಂಟೆ ವಿರಾಮ, ಶೌಚಾಲಯ, ಅರ್ಧ ರೊಟ್ಟಿ, ಆಮೇಲೆ ಕೊಳ್ಳೇಗಾಲದಿಂದಲೇ ಹೊರಡುವ ಬೆಟ್ಟದ ಬಸ್ಸು. ಅಲ್ಲಿಂದಲೇ ಹೊರಡುವ ಬಸ್ಸಾದ್ದರಿಂದ ಸೀಟನ್ನು ಆರಿಸಿಕೊಳ್ಳುವ ಅವಕಾಶ ನಮ್ಮದು. ಚಕ್ರದ ಮೇಲಿನ ಸೀಟಿನಲ್ಲಿ ಮಂಡಿ ಮೇಲಕ್ಕೆ ಮಡಚಿಕೊಳ್ಳುತ್ತದೆ, ಅದನ್ನು ಬಿಟ್ಟು ಅದರ ಹಿಂದಿನ ಸಾಲಿನ ಕಿಟಕಿ ಪಕ್ಕ ಅವ್ವನನ್ನು ಕೂರಿಸಿದೆ. ಯಾವ ಹೊತ್ತಿನ ಬಸ್ಸು ಎಂಬುದನ್ನು ಬರೆಯುವುದಿಲ್ಲ. ಅದು ಖಾಲಿ ಇರುವುದರಿಂದಲೇ ನನ್ನ ಲೆಕ್ಕ ನಿಂತಿರುವುದು. ಆ ವರ್ಷದ ಜನವರಿಯಲ್ಲಿ ದರ ಶೇಕಡಾ 15ರಷ್ಟು ಏರಿದ್ದರಿಂದ ಬಿಡಿಬಿಡಿಯಾಗಿ ಕೊಂಡ ನನ್ನ ಟಿಕೆಟ್ಟುಗಳು ಹೋಗಿ ಬರಲು ನಾನೂರಿಪ್ಪತ್ತರ ಸುಮಾರಾದವು. ಅವ್ವನದು ಎಲ್ಲ ಕಡೆಯೂ ಶೂನ್ಯದ ಟಿಕೆಟ್. ಆ ಚೀಟಿಗಳನ್ನು ಅವಳು ಎಸೆಯದೆ ಎಲೆ ಅಡಿಕೆಯ ಚೀಲದಲ್ಲಿ ಇಟ್ಟುಕೊಂಡಳು. ವೇಗದೂತದಲ್ಲೂ ಈ ಟಿಕೆಟ್ ನಡೆಯುತ್ತದೆ, ರಾಜಹಂಸದಂಥ ಐಷಾರಾಮಿ ಬಸ್ಸುಗಳಲ್ಲಿ ನಡೆಯುವುದಿಲ್ಲ.

ಮಧುವನಹಳ್ಳಿ, ಕಾಮಗೆರೆ, ಹನೂರು, ಕೌದಳ್ಳಿ ಕಳೆದು ತಾಳುಬೆಟ್ಟ ಬಂತು. ಮೊದಲ ತಿರುವಿನಲ್ಲಿ ಚಾಲಕರು ಗಾಡಿ ಹೊರಳಿಸಿದಾಗ ಅವ್ವನ ಎರಡೂ ಕೈ ಮುಂದಿನ ಸೀಟಿನ ಕಂಬಿಯನ್ನು ಕಚ್ಚಿ ಹಿಡಿದವು. ಬೆರಳ ಗಿಣ್ಣುಗಳು ಬೆಳ್ಳಗಾದದ್ದನ್ನು ನೋಡುತ್ತ ನಾನು ಪ್ಲಾಸ್ಟಿಕ್ ಕವರನ್ನು ಸಿದ್ಧವಾಗಿ ಹಿಡಿದು ಕುಳಿತಿದ್ದೆ. ಕಿಟಕಿಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಬಾಯಲ್ಲಿ ಶುಂಠಿ ಇತ್ತು. ನಾಲ್ಕೈದು ತಿರುವು ಕಳೆಯುವಷ್ಟರಲ್ಲಿ ಒಂದು ಕೈ ಕಂಬಿಯನ್ನು ಬಿಟ್ಟು ಮಡಿಲ ಗಂಟಿನ ಮೇಲೆ ಹೋಯಿತು. ಹಿಂದಿನ ಸೀಟಿನಲ್ಲಿ ಯಾರೋ "ಉಘೇ ಮಾದಪ್ಪ" ಎಂದಾಗ ಬಸ್ಸಿನಲ್ಲಿದ್ದವರೆಲ್ಲ "ಉಘೇ ಉಘೇ" ಎಂದರು, ಅವರ ನಡುವೆ ಅವ್ವನ ದನಿ ನನಗೆ ಬೇರೆಯಾಗಿಯೇ ಕೇಳಿಸಿತು. ಹುಲಿಯ ಮೇಲೆ ಕುಳಿತ 108 ಅಡಿಯ ಮಾದಪ್ಪನ ಪ್ರತಿಮೆ ಕಂಡಾಗ ಅಲ್ಲಿಗೂ ಕರೆದೊಯ್ಯಲೇ ಎಂದು ಕೇಳಿದೆ. "ಗುಡಿಯೊಳಗಿರೋನ ಮೊದ್ಲು ನೋಡನ" ಎಂದಳು.

ಕೋಣೆಗೆ ಐನೂರು ಕೊಟ್ಟೆ. ಲೆಕ್ಕದಲ್ಲಿ ಇದೇ ದೊಡ್ಡ ಬಾಬ್ತು, ಇದನ್ನು ಉಳಿಸಲು ಹೋಗಬಾರದು. ರಾತ್ರಿ ತಂಗಿದರೆ ಮಂಡಿಗೆ ಹತ್ತು ಗಂಟೆಯ ಬಿಡುವು ಸಿಗುತ್ತದೆ, ಕೊನೆಯ ಬಸ್ಸಿನ ಆತಂಕ ಇರುವುದಿಲ್ಲ. ತಂಗಿದ್ದರಿಂದಲೇ ಇನ್ನೊಂದು ಭಾಗ್ಯವೂ ಸಿಕ್ಕಿತು. ಯಾರದೋ ಹರಕೆಯ ಬಂಗಾರದ ತೇರು ಆ ರಾತ್ರಿ ಹೊರಟಿತು. ಅವರು ಕೊಟ್ಟ ಸೇವೆಯ ಬೆಳಕಿನಲ್ಲಿ, ಗುಡಿಯ ಅಂಗಳದ ಒಂದು ಮೂಲೆಯಲ್ಲಿ, ತನ್ನ ಸ್ಟೂಲಿನ ಮೇಲೆ ಕುಳಿತು ಅವ್ವ ಕಣ್ತುಂಬ ನೋಡಿದಳು. ರಾತ್ರಿಯ ಊಟ ದಾಸೋಹದಲ್ಲಿ ಆಯಿತು.

ಬುಧವಾರ ನಸುಕಿಗೆ ಅಂತರಗಂಗೆಗೆ ಹೋದೆವು. ಅಲ್ಲಿ ಮೆಟ್ಟಿಲಿಳಿದು ಮುಳುಗುವ ಹಟವನ್ನು ಅವಳು ಬಿಡಲೊಲ್ಲಳು. ಕಡೆಗೆ ಸ್ಟೂಲನ್ನು ಮೇಲಿನ ಮೆಟ್ಟಿಲಲ್ಲಿಟ್ಟು ಕೂರಿಸಿ, ನಾನು ಕೆಳಗಿಳಿದು ಚೊಂಬಿನಲ್ಲಿ ನೀರು ತಂದು ತಂದು ಹೊಯ್ದೆ. ಹನ್ನೊಂದು ಚೊಂಬಾದ ಮೇಲೆ ಸಾಕು ಎಂದಳು. ಸಾಲಿನಲ್ಲಿ ಸುಮಾರು ಒಂದು ಗಂಟೆ. ಸಾಲು ನಿಂತಾಗ ಕುಳಿತಳು, ಸಾಲು ಸರಿದಾಗ ಎದ್ದಳು. ನಾನು ಸ್ಟೂಲನ್ನು ಕಾಲಿನಿಂದ ಮುಂದಕ್ಕೆ ಸರಿಸುತ್ತಿದ್ದೆ. ಗುಡಿಯ ಬಾಗಿಲ ಹತ್ತಿರ ಅದನ್ನು ಹೂವಿನ ಅಂಗಡಿಯವರ ಬಳಿ ಬಿಟ್ಟೆ, ಅವರಲ್ಲೇ ಹಣ್ಣು ಕಾಯಿ ಕೊಂಡಿದ್ದರಿಂದ ನಗುತ್ತ ಇಟ್ಟುಕೊಂಡರು. ಹುಂಡಿಯ ಮುಂದೆ ಅವ್ವ ಗಂಟನ್ನು ಹೊರತೆಗೆದಳು. ಅರಿಸಿನದ ಬಣ್ಣ ಹೋಗಿ ಬಟ್ಟೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಕಟ್ಟಿದ ದಾರ ಮಾತ್ರ ಇನ್ನೂ ಬಿಗಿಯಾಗಿತ್ತು. ಗಂಟು ಹುಂಡಿಯ ಬಾಯಿಗಿಂತ ದಪ್ಪವಾಗಿಬಿಟ್ಟಿತ್ತು. ಬಿಚ್ಚಿ ಬಿಡಿ ನಾಣ್ಯ ಹಾಕೋಣವೆಂದೆ, ಒಪ್ಪಲಿಲ್ಲ. ಹಿಂದೆ ನಿಂತವರು ಕಾಯುತ್ತಿರಲು, ಎರಡು ಹೆಬ್ಬೆರಳಿನಿಂದ ನಾಣ್ಯಗಳನ್ನು ಸಾಲಾಗಿ ಒತ್ತಿ, ಗಂಟನ್ನು ಉದ್ದಕ್ಕೆ ಮಾಡಿ ತೂರಿಸಿದಳು. ಅದು ಒಳಗೆ ಬಿದ್ದ ಸದ್ದು ಕೇಳಿದ ಮೇಲೆಯೇ ಅಲ್ಲಿಂದ ಕದಲಿದ್ದು.

ಚಹಾ ತಿಂಡಿಗೆ ನೂರೈವತ್ತು, ಪೂಜೆಗೆ ನೂರಿಪ್ಪತ್ತು, ಲಾಡು ಮತ್ತು ಪುರಿ ಕಡ್ಲೆಗೆ ನೂರು, ಉಳಿದ ಚಿಲ್ಲರೆ ನೀರು, ಶೌಚಾಲಯ, ನಗರ ಸಾರಿಗೆಗೆ ಹೋಯಿತು. ಸಂಜೆ ಐದರ ಹೊತ್ತಿಗೆ ಮನೆಯಲ್ಲಿದ್ದೆವು. ಮುಂದಿನ ಸೋಮವಾರ ಕೇರಿಯ ಹತ್ತು ಮಂದಿಯನ್ನು ಕರೆದು ಪರ, ಅಂದರೆ ಮಾದಪ್ಪನ ಹೆಸರಿನ ಊಟ, ಮಾಡಿದೆವು. ಅದರ ಖರ್ಚು ಬೇರೆ, ಯಾತ್ರೆಯ ಲೆಕ್ಕಕ್ಕೆ ಸೇರಿಸಿಲ್ಲ.

ಪರದ ಊಟಕ್ಕೆ ಬಂದ ಸೋದರಮಾವ ಜಗಲಿಯ ಮೇಲಿದ್ದ ಸ್ಟೂಲನ್ನು ತಿರುಗಿಸಿ ಮುರುಗಿಸಿ ನೋಡಿ, ಅದರ ಮೇಲೊಮ್ಮೆ ನಿಂತೂ ನೋಡಿ, ಅತ್ತೆಯನ್ನೂ ಒಂದು ಸಲ ಕರೆದುಕೊಂಡು ಹೋಗಿ ಬಾ ಎಂದರು. ಅತ್ತೆಗೆ ಮಂಡಿ ಚೆನ್ನಾಗಿದೆ, ಆದರೆ ಚಾಮುಂಡಿ ಬೆಟ್ಟದ ತಿರುವಿಗೇ ವಾಂತಿ ಮಾಡಿಕೊಳ್ಳುವವರು. ಹಾಲು ಕಾಫಿಯಿಲ್ಲದೆ ಅವರು ಹಾಸಿಗೆಯಿಂದ ಏಳುವುದಿಲ್ಲ. ಈಗ ಎಂಟು ದಿನದಿಂದ ಅವರಿಗೆ ಬೆಳಿಗ್ಗೆ ಕಾಫಿ ಬಿಡಿಸಿ ಒಣ ರೊಟ್ಟಿ ಕೊಡಿಸುತ್ತಿದ್ದೇನೆ, ಅಜ್ಜಿಯ ಪುಡಿಯನ್ನೂ ಒಂದು ಪೊಟ್ಟಣ ಕಳಿಸಿದ್ದೇನೆ. ಬರುವ ಮಂಗಳವಾರ ಚಾಮುಂಡಿ ಬೆಟ್ಟದ ಬಸ್ಸಿನಲ್ಲಿ ಮೊದಲ ಪರೀಕ್ಷೆ.