ದುಡ್ಡು ಕೊಟ್ಟು ತಂದ ಇ-ಪುಸ್ತಕ ಯಾರಿಗೂ ಕಾಣಲಿಲ್ಲ

ಮುಂಬಯಿಯ ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ನನ್ನ ಕೆಲಸ. ಇ-ಪುಸ್ತಕ ತರಿಸಿದ ಮೊದಲ ವರ್ಷ ಹಣ ಕಟ್ಟಿದೆವು, ವೆಬ್‌ಸೈಟಿನಲ್ಲಿ ಲಿಂಕ್ ಹಾಕಿದೆವು, ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿದೆವು. ಆರು ತಿಂಗಳ ಮೇಲೆ ಬಳಕೆಯ ಲೆಕ್ಕ ತೆಗೆದು ನೋಡಿದರೆ, ಎಷ್ಟೋ ಪುಸ್ತಕಗಳ ಎದುರಿಗೆ ಸೊನ್ನೆ. ಅವುಗಳದೇ ಅಚ್ಚಿನ ಪ್ರತಿಗಾಗಿ ಕೌಂಟರಿನಲ್ಲಿ ಮಕ್ಕಳು ಕಾಯುತ್ತಿದ್ದರು. ತುಂಬಾ ಬೇಜಾರಾಯಿತು.

ಕಾರಣ ಗೊತ್ತಾದದ್ದು ಒಬ್ಬ ಹುಡುಗಿಯಿಂದ. ಊರು ಕುಂದಾಪುರದ ಕಡೆ, ಇರುವುದು ಡೊಂಬಿವಲಿಯಲ್ಲಿ, ಓದುವುದು ಅರ್ಥಶಾಸ್ತ್ರ ಎಂ.ಎ. ನಾನು ಕನ್ನಡದವಳು ಅಂತ ಗೊತ್ತಾದ ಮೇಲೆ ಮೇಡಂ ಬಿಟ್ಟು ಅಕ್ಕ ಅನ್ನುತ್ತಿದ್ದಳು. 'ಅಕ್ಕ, ಇರೋದೇ ಒಂದು ಕಾಪಿ. ಅದೂ ಹೊರಗೆ ಹೋಗಿದೆ ಅಂತ ತೋರಿಸ್ತಿದೆ' ಅಂದಳು. ಆ ಪುಸ್ತಕದ ಇ-ಪ್ರತಿ ನಮ್ಮಲ್ಲಿತ್ತು! ಆದರೆ ಅವಳು ಹುಡುಕಿದ್ದು ಕ್ಯಾಟಲಾಗಿನಲ್ಲಿ, ನಾವು ಇಟ್ಟದ್ದು ಬೇರೆ ಪುಟದಲ್ಲಿ.

ಅವತ್ತೇ ಕೆಲಸಕ್ಕೆ ಕೂತೆವು. ಕ್ಯಾಟಲಾಗಿಗೆ ಪ್ರತಿ ಪುಸ್ತಕದ ವಿವರ ತುಂಬುವ ಕಂಪ್ಯೂಟರ್ ನಮೂನೆಗೆ ಮಾರ್ಕ್ (MARC) ಅನ್ನುತ್ತಾರೆ. ಆ ದಾಖಲೆಯಲ್ಲಿ 856 ಅನ್ನುವ ಟ್ಯಾಗ್ ಇದೆ, ವೆಬ್ ವಿಳಾಸ ಬರೆಯುವ ಜಾಗ ಅದು. ಎಷ್ಟೋ ಪ್ರಕಾಶಕರು ಪುಸ್ತಕದ ಜೊತೆಗೆ ಮಾರ್ಕ್ ಫೈಲ್ ಕೊಡುತ್ತಾರೆ, ಕೇಳಿ ತರಿಸಿಕೊಳ್ಳಬೇಕು ಅಷ್ಟೇ. ಅದನ್ನು ಹಾಗೇ ಕ್ಯಾಟಲಾಗಿಗೆ ಸುರಿದುಬಿಡಬೇಡಿ. ನಾವು ಒಂದೊಂದೇ ಲಿಂಕ್ ಒತ್ತಿ ನೋಡಿದೆವು. ಕೆಲವು ತೆರೆಯಲೇ ಇಲ್ಲ, ಕೆಲವು ನಾವು ಕೊಳ್ಳದ ಪುಸ್ತಕಕ್ಕೆ ಹೋಗುತ್ತಿದ್ದವು. ಕಣ್ಣು ನೋಯುವ ಕೆಲಸ, ಆದರೆ ಲೈಬ್ರರಿಯವರ ನಿಜವಾದ ಕೆಲಸ ಇದೇ ಅಲ್ವಾ?

ಆಮೇಲೆ ಅವಳದೇ ಇನ್ನೊಂದು ಪ್ರಶ್ನೆ: 'ಟ್ರೈನಲ್ಲಿ ಯಾಕೆ ತೆರೆಯೋದಿಲ್ಲ ಅಕ್ಕ?' ಕ್ಯಾಂಪಸ್ಸಿನ ಐಪಿ ವಿಳಾಸ, ಅಂದರೆ ನಮ್ಮ ಇಂಟರ್ನೆಟ್ ಜಾಲದ ಗುರುತಿನ ಸಂಖ್ಯೆ, ನೋಡಿಯೇ ಪುಸ್ತಕ ಬಾಗಿಲು ತೆರೆಯುತ್ತಿತ್ತು; ಹೊರಗಿನಿಂದ ತೆರೆಯುತ್ತಿರಲಿಲ್ಲ. ಈ ಊರಿನಲ್ಲಿ ಮಕ್ಕಳಿಗೆ ಓದಲು ಸಿಗುವ ಹೊತ್ತು ಲೋಕಲ್ ಟ್ರೈನಿನಲ್ಲೇ ಜಾಸ್ತಿ. ವಿಶ್ವವಿದ್ಯಾಲಯಗಳ ಲೈಬ್ರರಿಗಳಿಗೆ ನೆರವಾಗುವ ಇನ್‌ಫ್ಲಿಬ್‌ನೆಟ್ ಸಂಸ್ಥೆಯ ಇನ್‌ಫೆಡ್ ಅನ್ನುವ ಲಾಗಿನ್ ವ್ಯವಸ್ಥೆಯ ಮೂಲಕ ಹೊರಗಿನಿಂದಲೂ ಲಾಗಿನ್ ಆಗುವಂತೆ ಮಾಡಿದೆವು. ಫೋನಿಗೆ ಪಿಡಿಎಫ್‌ಗಿಂತ ಇಪಬ್ ಅನ್ನುವ ಇ-ಪುಸ್ತಕದ ಫೈಲ್ ಒಳ್ಳೆಯದು, ಅಕ್ಷರ ದೊಡ್ಡದು ಮಾಡಿದರೂ ಸಾಲು ಪರದೆಯಿಂದ ಆಚೆ ಹೋಗುವುದಿಲ್ಲ.

ಪರೀಕ್ಷೆಯ ವಾರ ಇನ್ನೊಂದು ಪೆಟ್ಟು. ಒಂದು ಪಠ್ಯವನ್ನು ಒಬ್ಬರು ತೆರೆದರೆ ಎರಡನೆಯವರಿಗೆ ಸಿಗುತ್ತಿರಲಿಲ್ಲ. ನಾವು ಕೊಂಡದ್ದು ಒಬ್ಬರೇ ಓದುವ ಲೈಸೆನ್ಸ್. ಈಗ ಹಣ ಕಟ್ಟುವ ಮೊದಲೇ ಕೇಳುತ್ತೇನೆ: ಒಂದೇ ಸಲಕ್ಕೆ ಎಷ್ಟು ಜನ ಓದಬಹುದು, ಪುಸ್ತಕ ಶಾಶ್ವತವಾಗಿ ನಮ್ಮದಾ ಅಥವಾ ವರ್ಷದ ಬಾಡಿಗೆಯಾ. ಓದಲು ಬಂದವರಿಗೆ ಎಷ್ಟು ಸಲ ಬಾಗಿಲು ಮುಚ್ಚಿತು ಅನ್ನುವುದೂ ಪ್ರಕಾಶಕರು ಕೊಡುವ ಬಳಕೆಯ ಲೆಕ್ಕದಲ್ಲಿ, ಅಂದರೆ COUNTER ವರದಿಯಲ್ಲಿ, ಸಿಗುತ್ತದೆ. ಆ ಅಂಕಿ ನೋಡಿಯೇ ಯಾವುದಕ್ಕೆ ಜಾಸ್ತಿ ದುಡ್ಡು ಹಾಕಬೇಕು ಅಂತ ತೀರ್ಮಾನಿಸುತ್ತೇವೆ.

ಕ್ಯಾಟಲಾಗಿನಲ್ಲಿ ಕನ್ನಡ ಪುಸ್ತಕಗಳ ಹೆಸರುಗಳನ್ನು ಯೂನಿಕೋಡ್ ಕನ್ನಡದಲ್ಲೇ, ಅಂದರೆ ಎಲ್ಲ ಕಂಪ್ಯೂಟರ್, ಫೋನುಗಳಿಗೂ ಒಂದೇ ಆದ ಕನ್ನಡ ಅಕ್ಷರಗಳಲ್ಲೇ, ಹಾಕಿದೆವು. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಬ್ಬೊಬ್ಬರ ಸ್ಪೆಲ್ಲಿಂಗ್ ಒಂದೊಂದು, ಯಾರಿಗೂ ಸಿಗುವುದಿಲ್ಲ.

ಈಗ ಇ-ಪ್ರತಿ ಇರುವ ಪುಸ್ತಕ ಕಪಾಟಿನಲ್ಲಿ ಇರಬೇಕಾದ ಜಾಗದಲ್ಲಿ ಒಂದು ರಟ್ಟು ನಿಲ್ಲಿಸಿದ್ದೇವೆ, ಅದರ ಮೇಲೆ ಕ್ಯೂಆರ್ ಕೋಡ್. ಪುಸ್ತಕ ಹೊರಗೆ ಹೋಗಿದ್ದರೂ ರಟ್ಟು ಅಲ್ಲೇ ಇರುತ್ತದೆ. ಮಕ್ಕಳು ಅದರ ಎದುರು ಫೋನ್ ಹಿಡಿದು ನಿಂತಿರುವುದು ನನ್ನ ಮೇಜಿನಿಂದಲೇ ಕಾಣಿಸುತ್ತದೆ.