ನೀರುನಾಯಿ ಹಿಕ್ಕೆಯೂ ಮಾರ್ಚ್ 31ನೇ ತಾರೀಖೂ

"ನಮಗೆ ನೀರುನಾಯಿ ಹಿಕ್ಕೆ ಬೇಕು ಸರ್" ಎಂದಾಗ ಅರಣ್ಯ ಇಲಾಖೆಯ ಸಾಹೇಬರು ಪೆನ್ನು ಕೆಳಗಿಟ್ಟರು. "ಹಿಕ್ಕೆನಾ? ಅದನ್ನ ತಗೊಂಡು ಏನು ಮಾಡ್ತೀರಿ ಮೇಡಂ?" ಎಂದು ಕೇಳಿದರು. ನಾನು ಪ್ರಾಣಿಶಾಸ್ತ್ರ ಪಾಠ ಮಾಡುವವಳು. ನಲವತ್ತು ಸ್ಲೈಡ್ ಸಿದ್ಧ ಮಾಡಿಕೊಂಡು ಹೋಗಿದ್ದೆ. ಒಂದನ್ನೂ ತೋರಿಸಬೇಕಾಗಿ ಬರಲಿಲ್ಲ. "ಅದು ಏನು ತಿಂದಿದೆ ಅಂತ ಅದರಲ್ಲೇ ಬರೆದಿರುತ್ತೆ ಸರ್" ಎಂದೆ. ಅಷ್ಟಕ್ಕೇ ಅವರು ಕುರ್ಚಿ ಮುಂದೆಳೆದುಕೊಂಡರು.

ನಮ್ಮ ಕೆಲಸ ತುಂಗಭದ್ರಾ ನದಿಯಲ್ಲಿ. ಜಲಾಶಯದ ಕೆಳಗೆ, ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗೆ ಸುಮಾರು 34 ಕಿಲೋಮೀಟರ್ ನದಿಯನ್ನು 2015ರಲ್ಲಿ ಸರ್ಕಾರ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ನೀರುನಾಯಿಗೆಂದೇ ದೇಶದಲ್ಲಿ ಇಂಥದ್ದು ಇದೇ ಮೊದಲು. ಹಂಪಿಯೂ ಇದೇ ದಂಡೆಯಲ್ಲಿದೆ. ಪ್ರವಾಸಿಗರು ಕಲ್ಲಿನ ರಥದ ಫೋಟೋ ತೆಗೆಯುವ ಹೊತ್ತಿಗೆ ನಾವು ಬಂಡೆ ಮೇಲೆ ಮಂಡಿಯೂರಿ, ಚಿಮಟದಲ್ಲಿ ಹಿಕ್ಕೆ ಎತ್ತುತ್ತಿದ್ದೆವು.

ಈ ಪ್ರಾಣಿ ಒಂದು ವಿಷಯದಲ್ಲಿ ಭಾರೀ ಶಿಸ್ತು. ಇಡೀ ಗುಂಪು ಒಂದೇ ಬಂಡೆಗೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತೆ. ಜಾಗ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಆದರೆ ಆ ಜಾಗ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮೀನುಗಾರರಿಗೆ ಮತ್ತು ಇಲಾಖೆಯ ವಾಚರ್‌ಗಳಿಗೆ. ಇವರಿಬ್ಬರಿಗೂ ಅಷ್ಟಕ್ಕಷ್ಟೆ.

ಮೀನುಗಾರರ ದೂರು ಏನೆಂದರೆ, ನೀರುನಾಯಿ ಬಲೆ ಹರಿಯುತ್ತೆ, ಒಳ್ಳೆ ಮೀನನ್ನೆಲ್ಲ ಅದೇ ತಿನ್ನುತ್ತೆ. ಈ ದೂರು ಹೋಗುವುದು ಮೀನುಗಾರಿಕೆ ಇಲಾಖೆಗೆ. ನೀರುನಾಯಿಯ ಫೈಲ್ ಇರುವುದು ಅರಣ್ಯ ಇಲಾಖೆಯಲ್ಲಿ. ಮೀನು ಒಬ್ಬರದು, ಮೀನು ತಿನ್ನುವುದು ಇನ್ನೊಬ್ಬರದು. ತಿಂದದ್ದು ಯಾವ ಮೀನು ಎಂಬ ಪ್ರಶ್ನೆ ಮಾತ್ರ ಯಾರ ಮೇಜಿಗೂ ಬಂದಿರಲಿಲ್ಲ. ಸಂರಕ್ಷಣಾ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಯಾರಿರಬೇಕು ಎಂದು ವನ್ಯಜೀವಿ ಕಾಯ್ದೆಗೆ 2002ರಲ್ಲಿ ಸೇರಿದ 36ಬಿ ಕಲಂ ಹೇಳುತ್ತೆ. ಅರಣ್ಯ ಇಲಾಖೆ, ಗ್ರಾಮ ಪಂಚಾಯಿತಿಗಳು, ಸ್ವಯಂಸೇವಾ ಸಂಸ್ಥೆಗಳು, ಕೃಷಿ ಇಲಾಖೆ, ಪಶುಸಂಗೋಪನೆ ಇಲಾಖೆ. ಮೀನುಗಾರಿಕೆ ಇಲಾಖೆಯ ಹೆಸರಿಲ್ಲ, ವಿಶ್ವವಿದ್ಯಾಲಯದ ಹೆಸರೂ ಇಲ್ಲ. ನದಿಯೊಂದನ್ನೇ ಮೀಸಲು ಮಾಡುವ ದಿನ ಬರುತ್ತೆ ಎಂದು ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

ಹಾಗಾಗಿ ನಾನು ಮಾಡಿದ ಮೊದಲ ಬುದ್ಧಿವಂತ ಕೆಲಸ, ನನ್ನ ಪ್ರಶ್ನೆಯನ್ನು ಸ್ವಲ್ಪ ಬಿಟ್ಟುಕೊಟ್ಟದ್ದು. ಸಾಹೇಬರಿಗೆ ಬೇಕಿದ್ದದ್ದು "ಎಷ್ಟು ನೀರುನಾಯಿ ಇವೆ" ಎಂಬ ಲೆಕ್ಕ. ನನಗೆ ಬೇಕಿದ್ದದ್ದು ಊಟದ ಪಟ್ಟಿ. ಗುಂಪಿನಲ್ಲಿ ಓಡಾಡುವ ಪ್ರಾಣಿಯನ್ನು ಎಣಿಸುವುದು ಕಷ್ಟ. ಬೆಳಿಗ್ಗೆ ಕಂಡ ಗುಂಪೇ ಸಂಜೆ ಇನ್ನೊಂದು ಮಡುವಿನಲ್ಲಿ ಸಿಕ್ಕಿದರೆ ಎರಡು ಗುಂಪು ಎಂದು ಬರೆದುಬಿಡುತ್ತೇವೆ. ಕೊನೆಗೆ ಎಣಿಕೆ ಬೇಡ, ಯಾವ ಬಂಡೆಯಲ್ಲಿ ಯಾವ ತಿಂಗಳು ಗುರುತು ಸಿಕ್ಕಿತು ಎಂಬ ನಕ್ಷೆ ಕೊಡುತ್ತೇವೆ ಎಂದು ಒಪ್ಪಂದವಾಯಿತು. ಬಿಲಗಳಿರುವ ಜಾಗವನ್ನು ಎಲ್ಲೂ ಪ್ರಕಟಿಸಬಾರದು ಎಂದು ಅವರು ಷರತ್ತು ಹಾಕಿದರು. ನಾನು ತಕ್ಷಣ ಒಪ್ಪಿದೆ. ಚರ್ಮಕ್ಕಾಗಿ ಕೊಲ್ಲುವ ಪ್ರಾಣಿಯ ಮನೆ ವಿಳಾಸ ಅಚ್ಚು ಹಾಕುವುದುಂಟೇ?

ಆಮೇಲೆ ಶುರುವಾಯಿತು ಕ್ಯಾಲೆಂಡರ್ ಕಾಟ.

ನದಿಗೆ ಒಂದು ಕ್ಯಾಲೆಂಡರ್. ಮಳೆಗಾಲದಲ್ಲಿ ಜಲಾಶಯದಿಂದ ನೀರು ಬಿಟ್ಟರೆ ಬಂಡೆಗಳೆಲ್ಲ ಮುಳುಗುತ್ತವೆ. ಹಂಪಿಯ ಪುರಂದರ ಮಂಟಪ ಮುಳುಗಿತು ಎಂದು ಪೇಪರಿನಲ್ಲಿ ಬಂದರೆ ನಮ್ಮ ಕೆಲಸಕ್ಕೂ ರಜೆ. ಹಿಕ್ಕೆ ಸಿಗುವುದು ನೀರು ಇಳಿದ ಮೇಲೆ, ಬೇಸಿಗೆ ಮುಗಿಯುವವರೆಗೆ. ಸರ್ಕಾರಕ್ಕೆ ಇನ್ನೊಂದು. ಮಾರ್ಚ್ 31ಕ್ಕೆ ದುಡ್ಡು ಖರ್ಚಾಗಿ, ವಿನಿಯೋಗ ಪ್ರಮಾಣಪತ್ರ ಹೋಗಿರಬೇಕು. ಕಾಲೇಜಿಗೆ ಮತ್ತೊಂದು. ನೀರು ಇಳಿದು ಬಂಡೆ ಕಾಣುವ ಹೊತ್ತಿಗೆ ಸರಿಯಾಗಿ ಸೆಮಿಸ್ಟರ್ ಪರೀಕ್ಷೆ. ಮೊದಲ ವರ್ಷ ಬೆಂಗಳೂರಿನ ಅರಣ್ಯ ಭವನದಿಂದ ಅನುಮತಿ ಕೈಗೆ ಬಂದಾಗ ಫೆಬ್ರವರಿ. ಒಂದೂವರೆ ತಿಂಗಳಲ್ಲಿ ದುಡ್ಡು ಮುಗಿಸಬೇಕು. ಏನು ಮಾಡೋದು? ಜರಡಿ, ಡಬ್ಬಿ, ಕೈಗವಸು ಎಲ್ಲ ಜಾಸ್ತಿ ಜಾಸ್ತಿ ಕೊಂಡೆವು. ಹರಿಗೋಲು ಬಾಡಿಗೆಗೆ ಬೇಕಾಗಿದ್ದ ದುಡ್ಡು ಡಬ್ಬಿಗಳಾಗಿ ಕಪಾಟಿನಲ್ಲಿ ಕೂತಿತು. ಆ ಡಬ್ಬಿಗಳಲ್ಲಿ ಕೆಲವು ಈಗಲೂ ಖಾಲಿ ಇವೆ.

ಎರಡನೇ ಸಲ ಜಾಣಳಾದೆ. ಅರ್ಜಿಯನ್ನು ಮೇ ತಿಂಗಳಲ್ಲೇ ಹಾಕಿದೆ. ಒಂದೇ ವರ್ಷಕ್ಕಲ್ಲ, ಎರಡು ವರ್ಷಕ್ಕೆ ಕೇಳಿದೆ. ಸ್ಥಳೀಯ ಕಚೇರಿಯ ಶಿಫಾರಸು ಪತ್ರವನ್ನು ಜೊತೆಗೇ ಲಗತ್ತಿಸಿದೆ. ಇಲ್ಲದಿದ್ದರೆ ಫೈಲ್ ಬೆಂಗಳೂರಿಗೆ ಹೋಗಿ, ಅಭಿಪ್ರಾಯ ಕೇಳಲು ಕೆಳಗೆ ಬಂದು, ಮತ್ತೆ ಮೇಲೆ ಹೋಗುತ್ತೆ. ನನ್ನ ಎಂಟು ತಿಂಗಳು ನುಂಗಿದ್ದು ಆ ಓಡಾಟವೇ.

ಕಾಯುವ ಆ ದಿನಗಳಲ್ಲಿ ಅಮೆರಿಕದ ಒಂದು ಏರ್ಪಾಡಿನ ಬಗ್ಗೆ ಓದಿ ಹೊಟ್ಟೆ ಉರಿದುಕೊಂಡದ್ದೂ ಇದೆ. ಅಯೋವಾದಲ್ಲಿ ಡಿಂಗ್ ಡಾರ್ಲಿಂಗ್ ಎಂಬ ಪತ್ರಿಕಾ ವ್ಯಂಗ್ಯಚಿತ್ರಕಾರ 1932ರಲ್ಲಿ ವಿಶ್ವವಿದ್ಯಾಲಯವನ್ನೂ ರಾಜ್ಯದ ಮೀನು ಮತ್ತು ಬೇಟೆ ಆಯೋಗವನ್ನೂ ಒಂದುಗೂಡಿಸಿ ಸಂಶೋಧನೆ ಶುರು ಮಾಡಿಸಿದ. 1935ರಲ್ಲಿ ಅದು ಬೇರೆ ರಾಜ್ಯಗಳಿಗೂ ಹಬ್ಬಿತು. ಅಲ್ಲಿ ವಿಜ್ಞಾನಿಗೆ ಸಂಬಳ ಕೇಂದ್ರ ಸರ್ಕಾರದ್ದು, ಕೂರುವುದು ವಿಶ್ವವಿದ್ಯಾಲಯದಲ್ಲಿ, ಪ್ರಶ್ನೆ ಬರುವುದು ಹೆಚ್ಚಾಗಿ ರಾಜ್ಯದ ಇಲಾಖೆಯಿಂದ. ನಮ್ಮಲ್ಲಿ ಪ್ರತಿ ಸಲವೂ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕು. ಸಾಹೇಬರ ವರ್ಗಾವಣೆಯಾದರೆ ಮತ್ತೆ ಹಿಕ್ಕೆ ಎಂದರೇನು ಎಂಬಲ್ಲಿಂದ ಶುರು. ನಾನು ಮೂರು ಸಲ ಹೇಳಿದ್ದೇನೆ.

ಲ್ಯಾಬ್ ಕೆಲಸ ಮಾತ್ರ ಸಂತೋಷದ್ದು. ಹಿಕ್ಕೆಯನ್ನು ಸೋಪಿನ ನೀರಲ್ಲಿ ನೆನೆಸಿ, ಸಣ್ಣ ಜರಡಿಯಲ್ಲಿ ತೊಳೆದು, ಒಣಗಿಸಿದರೆ ಹುರುಪೆ, ಮುಳ್ಳು, ಏಡಿ ಚಿಪ್ಪು ಉಳಿಯುತ್ತವೆ. ಯಾವ ಹುರುಪೆ ಯಾವ ಮೀನಿನದು? ಅದಕ್ಕೆ ಸಂತೆಯಿಂದ ಒಂದೊಂದು ಜಾತಿಯ ಮೀನು ತಂದು, ಬೇಯಿಸಿ, ಮಾಂಸ ಸಾರಿಗೆ, ಮುಳ್ಳು ಡಬ್ಬಿಗೆ ಎಂದು ಭಾಗ ಮಾಡಿದೆವು. ನನ್ನ ವಿದ್ಯಾರ್ಥಿಗಳು ಇಷ್ಟು ಖುಷಿಯಿಂದ ಇನ್ಯಾವ ಪ್ರಾಕ್ಟಿಕಲ್ಲೂ ಮಾಡಿಲ್ಲ. ಬಾಳೆಮೀನಿನಂಥವಕ್ಕೆ ಹುರುಪೆ ಇರುವುದಿಲ್ಲ. ಹುರುಪೆ ಮಾತ್ರ ನೋಡಿದರೆ ಅವು ಲೆಕ್ಕದಿಂದಲೇ ತಪ್ಪಿಹೋಗುತ್ತವೆ. ಇದು ತಿಳಿಯಲು ನಮಗೆ ಎರಡು ತಿಂಗಳು ಬೇಕಾಯಿತು. ಒಂದು ಸಲ ಮಹಡಿ ಮೇಲೆ ಒಣಗಲು ಇಟ್ಟ ಒಂದು ವಾರದ ಮಾದರಿಯನ್ನು ಗುಡಿಸಲು ಬಂದ ಅಕ್ಕ ಕಸದ ಬುಟ್ಟಿಗೆ ಹಾಕಿದರು. ಬೋರ್ಡ್ ಹಾಕದೇ ಇದ್ದದ್ದು ನನ್ನ ತಪ್ಪು. ಆ ವಾಸನೆಗೆ ಯಾರಾದರೂ ಹಾಗೇ ಮಾಡುತ್ತಿದ್ದರು.

ಜಿಲೇಬಿ ಮೀನಿನ ಮುಳ್ಳು ತೋರಿಸಿದಾಗ ಹರಿಗೋಲಿನ ಅಣ್ಣ ಒಬ್ಬರು ಡಬ್ಬಿ ತಿರುಗಿಸಿ ತಿರುಗಿಸಿ ನೋಡಿದರು. "ಇದನ್ನೂ ತಿಂತೈತೇನ್ರಿ? ಇದು ನಮಗೂ ಬ್ಯಾಡಾದ ಮೀನು" ಎಂದರು. ಬಲೆ ಹರಿದದ್ದನ್ನು ಅವರು ಮರೆಯಲಿಲ್ಲ, ಮರೆಯಬೇಕೆಂದು ನಾನೂ ಹೇಳಲಿಲ್ಲ. ಆದರೆ ಆವತ್ತಿನಿಂದ ಎಲ್ಲಿ ಮದ್ದು ಸಿಡಿಸಿ ಮೀನು ಹಿಡಿದರು ಎಂಬ ಸುದ್ದಿ ಅವರಿಂದಲೇ ಬರತೊಡಗಿತು.

ಕಾಲೇಜಿನಲ್ಲಿ ಇಂಗ್ಲಿಷ್ ಪ್ರಬಂಧ ಅಚ್ಚಾದರೆ ಅಂಕ ಉಂಟು. ಇಲಾಖೆಗೆ ಕನ್ನಡದಲ್ಲಿ ಬರೆದುಕೊಟ್ಟ ಎರಡು ಪುಟಕ್ಕೆ ಇಲ್ಲ. ಆದರೂ ಗಾರ್ಡ್‌ಗಳು ಜೆರಾಕ್ಸ್ ಮಾಡಿಸಿಕೊಂಡದ್ದು ಆ ಎರಡು ಪುಟವನ್ನೇ.

ವಾಚರ್ ಒಬ್ಬರಿಗೆ ಒಂದು ನೋಟ್‌ಬುಕ್ ಕೊಟ್ಟಿದ್ದೆ. ಬಂಡೆಗಳಿಗೆ ನಮ್ಮ ನಂಬರ್ ಬೇಡ, ನೀವು ಕರೆಯುವ ಹೆಸರನ್ನೇ ಬರೆಯಿರಿ ಎಂದಿದ್ದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟ್ ಕೊಚ್ಚಿಹೋಯಿತು. 1953ರಿಂದ ನಿಂತಿದ್ದ ಅಣೆಕಟ್ಟು ಅದು. ಊರೆಲ್ಲ ನೀರು ಉಳಿಸುವ ಗಡಿಬಿಡಿಯಲ್ಲಿತ್ತು. ನೀರುನಾಯಿಯನ್ನು ಯಾರು ಕೇಳುತ್ತಾರೆ, ಅಲ್ವಾ? ಆ ವಾರ ಯಾವ ಬಂಡೆ ಯಾವತ್ತು ಮುಳುಗಿತು, ಯಾವತ್ತು ಮತ್ತೆ ಕಂಡಿತು ಎಂಬ ದಾಖಲೆ ನನ್ನ ಬಳಿ ಇರುವುದು ಆ ನೋಟ್‌ಬುಕ್ಕಿನಲ್ಲಿ ಮಾತ್ರ. ಒಂದು ಪುಟದಲ್ಲಿ ಒಂದೇ ಸಾಲಿದೆ: "ಬಂಡಿ ಕಾಣವಲ್ದು. ಮೂರು ಮರಿ ಬಾಳಿ ತೋಟದಾಗ ಬಂದಾವ."